ನಾಲ್ಕನೇ ಖಾನೆ

ಆ ಫ್ಯಾನ್ ಸ್ವಲ್ಪ ಆಫ್ ಮಾಡಿ. ಅದರ ಗಿರಗಿರದಲ್ಲಿ ಇದನ್ನ ಹೇಳೋಕಾಗಲ್ಲ... ಇದು ಪೂರ್ತಿ ಸದ್ದಿನದೇ ಕತೆ. ಕತೆ ಅಂದದ್ದು ಬಾಯಿತಪ್ಪಿ. ನಡೆದದ್ದು. ನಮ್ಮ ದೊಡ್ಡಪ್ಪನ ಮಗನಿಗೇ ನಡೆದದ್ದು.

ಅವನ ಹೆಸರು ಈಗ ಮನೆಯವರಿಗೂ ಸರಿಯಾಗಿ ನೆನಪಿಲ್ಲ. ಚಿಕ್ಕಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ. ಗಡಿಯಾರ, ರೇಡಿಯೋ, ಒಂದು ಸಲ ದೊಡ್ಡಮ್ಮನ ಹೊಲಿಗೆ ಮಿಷನ್ನು. ಬಿಚ್ಚಿದ್ದರಲ್ಲಿ ಅರ್ಧ ಮತ್ತೆ ಕೂಡುತ್ತಿರಲಿಲ್ಲ. ಅದಕ್ಕೇ ಬಿಚ್ಚಣ್ಣ. ದೊಡ್ಡವನಾದ ಮೇಲೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ, ಮದುವೆಯಾದ, ಒಬ್ಬಳು ಮಗಳಾದಳು. ಹೆಸರು ಮಾತ್ರ ಬಿಚ್ಚಣ್ಣ ಅಂತಲೇ ಉಳಿಯಿತು.

ಆ ರಾತ್ರಿ ಹನ್ನೊಂದು ದಾಟಿತ್ತು. ಬಿಚ್ಚಣ್ಣ ಒಂದು ಹಳೇ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆ ಕಡೆ ನಡೆದು ಬರುತ್ತಿದ್ದ. ಬರೀ ತಗಡಿನ ಡಬ್ಬ. ಒಳಗೆ ಏನೂ ಇಲ್ಲ. ಬೋರ್ಡು, ಪವರ್ ಸಪ್ಲೈ, ಡಿಸ್ಕು, ವೈರು, ಎಲ್ಲವನ್ನೂ ಸಂಜೆ ಅವನೇ ಕೈಯಾರೆ ಬಿಚ್ಚಿ ಹೊಸ ಕ್ಯಾಬಿನೆಟ್ಟಿಗೆ ಹಾಕಿ ಬಂದಿದ್ದ. ಇದನ್ನು ಗುಜರಿಗೆ ಹಾಕುವುದೊಂದೇ ಬಾಕಿ.

ದಾರಿಯಲ್ಲಿ ಮುಚ್ಚಿಹೋದ ಒಂದು ಪ್ರಿಂಟಿಂಗ್ ಪ್ರೆಸ್ ಇದೆ. ಅದರ ಗೋಡೆ ಮುಗಿಯುವ ಕಡೆ ಬಾವಿ. ಯಾರೂ ನೀರು ಸೇದದ ಬಾವಿ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಲ್ಲಿ ದೀಪದ ಕಂಬವೂ ಇಲ್ಲ. ಬಿಚ್ಚಣ್ಣ ಬಾವಿಯ ಪಕ್ಕಕ್ಕೆ ಬಂದ. ಆಗ... ಹೆಗಲ ಮೇಲಿನ ಡಬ್ಬದ ಒಳಗೆ...

ಟಿಕ್.

ನಿಂತ. ಯಾವುದೋ ಸ್ಕ್ರೂ ಉಳಿದಿರಬೇಕು ಅಂದುಕೊಂಡು ಡಬ್ಬವನ್ನು ಅಲ್ಲಾಡಿಸಿದ. ಏನೂ ಉರುಳಲಿಲ್ಲ. ಮತ್ತೆ ಎರಡು ಹೆಜ್ಜೆ ಇಟ್ಟ.

ಟಿಕ್... ವೂಂ...

ಅದು ಸ್ಕ್ರೂ ಸದ್ದಲ್ಲ. ಅದು ಎಂಥ ಸದ್ದು ಅಂತ ಅವನಷ್ಟು ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ನಿಮಗೆ ಗೊತ್ತಾಗಬೇಕಾದರೆ ನಾನು ಅವತ್ತಿನ ಸಂಜೆಗೆ ಹೋಗಬೇಕು.

ಆ ಕ್ಯಾಬಿನೆಟ್ಟು ಟೀಚರ್ ಮನೆಯದು. ಟೀಚರ್ ಅಂದರೆ ಬಿಚ್ಚಣ್ಣನಿಗೆ ಲೆಕ್ಕ ಹೇಳಿಕೊಟ್ಟವರು, ಕಿವಿ ಹಿಂಡಿಯೇ ಹೇಳಿಕೊಟ್ಟವರು. ಈಗ ಎಪ್ಪತ್ತೈದು ದಾಟಿದೆ. ಕಣ್ಣು ಹೆಚ್ಚುಕಡಿಮೆ ಹೋಗೇಬಿಟ್ಟಿದೆ, ಬೆಳಕು ಕತ್ತಲೆ ಮಾತ್ರ ತಿಳಿಯುತ್ತೆ. ಅವರ ಯಜಮಾನರನ್ನು ಬೀದಿಯ ಮಕ್ಕಳೆಲ್ಲ ಮೈಕ್ ಮಾಮ ಅನ್ನುತ್ತಿದ್ದರು. ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕೆಲಸ. ನಿವೃತ್ತರಾದ ಮೇಲೂ ಮನುಷ್ಯ ಸುಮ್ಮನೆ ಕೂರಲಿಲ್ಲ. ದಿನಾ ಸಂಜೆ ಮನೆಯಲ್ಲೇ ಮೈಕು ಹಿಡಿಯುತ್ತಿದ್ದರು. ಉಗುರಿನಲ್ಲಿ ಮೈಕಿಗೆ ಎರಡು ಸಲ ಟಕ್ ಟಕ್. ಒಂದು ಉಸಿರು. ಆಮೇಲೆ ಹೆಂಡತಿಗೆ ಅವತ್ತಿನ ಸುದ್ದಿ. ಏನು ಮಹಾ ಸುದ್ದಿ... ನಲ್ಲಿ ವಾಷರ್ ಹೋಗಿದೆ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದೆ, ನೀನು ಇವತ್ತು ನನ್ನ ಮೇಲೆ ಮೂರು ಸಲ ರೇಗಿದೆ. ಹೀಗೆ ಹನ್ನೊಂದು ವರ್ಷ. ಹೆಂಡತಿಯ ಕಣ್ಣು ಹೋಗುತ್ತಿದೆ ಅಂತ ಡಾಕ್ಟರು ಹೇಳಿದ ದಿನ ಶುರು ಮಾಡಿದ್ದು, ಸಾಯುವ ಹಿಂದಿನ ಸಂಜೆಯವರೆಗೂ ಬಿಡಲಿಲ್ಲ.

ಅವರು ಹೋಗಿ ಎರಡು ವರ್ಷವಾಗಿತ್ತು. ಟೀಚರ್ ಮೊದಲನೇ ದಿನದ್ದರಿಂದ ಹಿಡಿದು ಸಂಜೆಗೆ ಒಂದರಂತೆ ಕೇಳುತ್ತ ಬಂದಿದ್ದರು. ಒಂದೇ. ಎರಡನೆಯದನ್ನು ಹಾಕುತ್ತಿರಲಿಲ್ಲ. ಇನ್ನೂ ಒಂಬತ್ತು ವರ್ಷಕ್ಕೆ ಆಗುವಷ್ಟಿದೆ, ನನಗೆ ಸಾಕು ಅಂತ ನಗುತ್ತಿದ್ದರಂತೆ. ಆ ಹೆಂಗಸಿಗೆ ಇನ್ನು ಬದುಕು ಅಂತ ಇದ್ದದ್ದು ಅಷ್ಟೇ, ದಿನಕ್ಕೆ ಎರಡು ನಿಮಿಷ.

ಅದೆಲ್ಲ ಇದ್ದದ್ದು ಆ ಕ್ಯಾಬಿನೆಟ್ಟಿನೊಳಗೆ. ಐದು ಖಾನೆ, ಐದು ಡಿಸ್ಕು. ಐದನ್ನೂ ಕೂಡಿಸಿ ಒಂದೇ ದೊಡ್ಡ ಕೊಳದ ಹಾಗೆ ಮಾಡಿಟ್ಟಿದ್ದರು ಮಾಮ. ಒಂದೊಂದು ರೆಕಾರ್ಡಿಂಗೂ ಚೂರುಚೂರಾಗಿ ಐದರಲ್ಲೂ ಹಂಚಿಕೊಂಡು ಕೂತಿರುತ್ತೆ. ಒಂದು ಡಿಸ್ಕು ಕೆಟ್ಟರೆ ಉಳಿದ ನಾಲ್ಕು ಸೇರಿ ಹೇಗೋ ಸಂಭಾಳಿಸುತ್ತವೆ. ಎರಡು ಕೆಟ್ಟವೋ... ಮುಗೀತು. ಉಳಿದ ಮೂರರಲ್ಲಿ ಬರೀ ಚೂರು. ಒಂದು ಮಾತೂ ಪೂರ್ತಿ ಸಿಗಲ್ಲ.

ಮೂರನೇ ಖಾನೆಯ ಡಿಸ್ಕು ಹಿಂದಿನ ತಿಂಗಳೇ ಸತ್ತಿತ್ತು. ಕ್ಯಾಬಿನೆಟ್ಟಿಗೆ ತುಕ್ಕು ಹಿಡಿದು ಫ್ಯಾನು ನಿಂತು ಒಳಗೆಲ್ಲ ಕಾವು. ಟೀಚರ್ ಹೊಸ ಕ್ಯಾಬಿನೆಟ್ಟು ತರಿಸಿದರು, ಸತ್ತದ್ದರ ಬದಲಿಗೆ ದೊಡ್ಡದೊಂದು ಹೊಸ ಡಿಸ್ಕೂ ತರಿಸಿದರು, ಬಿಚ್ಚಣ್ಣನನ್ನು ಕರೆದರು. ಅವನು ಚೀಲ ಕೆಳಗಿಡುವಷ್ಟರಲ್ಲೇ ಒಂದು ಮಾತು ಕೇಳಿದರು.

"ಬಿಚ್ಚೋ ಮುಂಚೆ ಎಲ್ಲದಕ್ಕೂ ಕಾಪಿ ತಗೋತೀಯ ತಾನೇ?"

ಈ ಕಸುಬಿನವರು ಮೊದಲು ಮಾಡಬೇಕಾದದ್ದೇ ಅದು. ಆರು ವರ್ಷದ ಹಿಂದೆ ಮಾಮ ಹಾಕಿದಾಗಿನಿಂದ ಒಂದು ದಿನವೂ ನಿಲ್ಲದೆ ತಿರುಗಿದ ಡಿಸ್ಕುಗಳು ಅವು. ನಿಲ್ಲಿಸಿ ತಣ್ಣಗಾದರೆ ಮತ್ತೆ ಏಳುತ್ತವೋ ಇಲ್ಲವೋ, ಯಾರೂ ಹೇಳೋಕಾಗಲ್ಲ. ಹೊಸ ಡಿಸ್ಕು ಕೈಯಲ್ಲೇ ಇತ್ತು, ರೆಕಾರ್ಡಿಂಗ್ ಅಷ್ಟೂ ಅದರಲ್ಲಿ ಹಿಡಿಯುತ್ತಿತ್ತು. ಒಂದು ರಾತ್ರಿಯ ಕೆಲಸ. ಆದರೆ ಅವತ್ತು ಭಾನುವಾರ, ಮಗಳಿಗೆ ಬೇಗ ಬರುತ್ತೇನೆ ಅಂದಿದ್ದ, ನಾಳೆ ಬೇರೆ ಕೆಲಸ. ನೂರಾರು ಕ್ಯಾಬಿನೆಟ್ಟು ಬದಲಾಯಿಸಿದ ಕೈ, ಏನಾಗುತ್ತೆ ಮಹಾ ಅಂದುಕೊಂಡ. ಒಂದು ಗಂಟೆ ಸುಮ್ಮನೆ ಕೀಲಿಮಣೆ ಕುಟ್ಟುತ್ತ ಕೂತ.

"ಕಾಪಿ ಆಯ್ತು ಟೀಚರ್," ಅಂದ.

ಮೆಷಿನ್ ಆಫ್ ಮಾಡಿದ. ಬಿಚ್ಚಿದ. ಹೊಸದರಲ್ಲಿ ಕೂರಿಸಿದ. ಸತ್ತದ್ದರ ಖಾನೆ ಖಾಲಿ ಬಿಟ್ಟು, ಮೊದಲು ನಾಲ್ಕೂ ಏಳಲಿ ಅಂತ ಗುಂಡಿ ಒತ್ತಿದ. ಆ ಡಿಸ್ಕುಗಳು ಒಟ್ಟಿಗೆ ಏಳುವುದಿಲ್ಲ, ಒಂದಾದ ಮೇಲೆ ಒಂದು. ಒಂದನೆಯದು: ಟಿಕ್, ವೂಂ. ಎರಡನೆಯದು: ಟಿಕ್, ವೂಂ. ಮೂರನೇ ಖಾನೆ ಖಾಲಿ. ನಾಲ್ಕನೆಯದು...

ಟಿಕ್. ಕಿರ್ರ್. ಟಿಕ್. ಕಿರ್ರ್.

ಆಮೇಲೆ ಅದೂ ಇಲ್ಲ. ಐದನೆಯದು ಎದ್ದಿತು. ನಾಲ್ಕನೆಯದು ಏಳಲಿಲ್ಲ.

ವೈರು ಸಡಿಲ ಇರಬಹುದು ಅಂತ ನಿಮ್ಮಲ್ಲಿ ಯಾರಾದರೂ ಅನ್ನಬಹುದು. ಮೂರು ವೈರು ಬದಲಾಯಿಸಿದ. ಖಾನೆ ಬದಲಾಯಿಸಿದ. ಡಿಸ್ಕನ್ನು ಅಂಗೈಯಲ್ಲಿ ಹಿಡಿದು ಕೋಳಿಮರಿಯ ಹಾಗೆ ಬೆಚ್ಚಗೆ ಮಾಡಿ ನೋಡಿದ. ಹತ್ತೂವರೆವರೆಗೂ ಮಾಡಿದ. ಕೊಳ ತೆರೆಯಲಿಲ್ಲ. ಹನ್ನೊಂದು ವರ್ಷ ಹೋಯಿತು... ತನ್ನ ಕೈಯಿಂದಲೇ ಹೋಯಿತು. ಹಿಂದಿನ ಕುರ್ಚಿಯಿಂದ ಟೀಚರ್ ಕೇಳಿದರು.

"ನಾಲ್ಕು ಏಳಬೇಕಲ್ಲೋ. ಮೂರೇ ಕೇಳಿಸ್ತು."

"ಹೊಸ ಕ್ಯಾಬಿನೆಟ್ ಟೀಚರ್... ಸದ್ದು ಕಮ್ಮಿ," ಅಂದ. ರಾತ್ರಿಯೆಲ್ಲ ಅದು ತಾನೇ ಚೆಕ್ ಮಾಡಿಕೊಳ್ಳುತ್ತೆ, ಬೆಳಿಗ್ಗೆ ಬರುತ್ತೇನೆ ಅಂದ. ಅವತ್ತಿನದು ಕೇಳೋಕಾಗಲಿಲ್ಲವಲ್ಲ ಅಂದರು ಅವರು. ಎರಡು ವರ್ಷದಲ್ಲಿ ತಪ್ಪಿದ ಮೊದಲನೇ ಸಂಜೆ ಅದು. ಬಿಚ್ಚಣ್ಣ ಖಾಲಿ ಡಬ್ಬ ಹೆಗಲಿಗೇರಿಸಿಕೊಂಡು, ಬೆನ್ನು ತೋರಿಸಿ ಬಂದುಬಿಟ್ಟ.

ಈಗ ಬಾವಿಯ ಹತ್ತಿರ ಬರೋಣ.

ಟಿಕ್... ವೂಂ. ಒಂದು. ಬಿಚ್ಚಣ್ಣ ಡಬ್ಬವನ್ನು ಬಾವಿಕಟ್ಟೆಯ ಮೇಲೆ ಇಟ್ಟ. ಇಟ್ಟದ್ದಲ್ಲ, ಕೈಯಿಂದ ಜಾರಿತು. ಟಿಕ್... ವೂಂ. ಎರಡು. ಆಮೇಲೆ ಸುಮ್ಮನೆ. ಒಂದು ಡಿಸ್ಕು ಏಳಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟೇ ಹೊತ್ತು ಸುಮ್ಮನೆ. ಅದು ಮೂರನೆಯದರ ಜಾಗ. ಬಿಚ್ಚಣ್ಣ ತನಗೆ ಗೊತ್ತಿಲ್ಲದ ಹಾಗೆ ಬೆರಳು ಮಡಿಸುತ್ತಿದ್ದ.

ಟಿಕ್... ವೂಂ.

ನಾಲ್ಕು.

ಐದನೆಯದೂ ಎದ್ದಿತು. ತಗಡು ಸಣ್ಣಗೆ ನಡುಗುತ್ತಿತ್ತು, ಬಾವಿಯ ಜಾಲರಿಯೂ ಅದರ ಜೊತೆ ಜರ್ರ್ ಅನ್ನುತ್ತಿತ್ತು. ಆಮೇಲೆ ಒಳಗಿನಿಂದ... ಉಗುರಿನಲ್ಲಿ ತಟ್ಟಿದ ಹಾಗೆ...

ಟಕ್. ಟಕ್.

ಆಮೇಲೆ ಒಂದು ಉಸಿರು. ಮಾತಾಡುವ ಮುಂಚೆ ಒಳಗೆ ಎಳೆದುಕೊಳ್ಳುತ್ತಾರಲ್ಲ, ಅಂಥ ಉಸಿರು. ಮಾತು ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ನಮ್ಮವನದು ಬಿಚ್ಚುವ ಕೈ. ಡಬ್ಬದ ಪಕ್ಕದ ತಗಡು ಸರಿಸಿದ, ಫೋನಿನ ಬೆಳಕು ಬಿಟ್ಟ. ಐದು ಖಾಲಿ ಖಾನೆ. ಮೂಲೆಯಲ್ಲಿ ಧೂಳು. ಬೆಳಕು ಬಿದ್ದದ್ದೇ ತಡ, ಸದ್ದು ನಿಂತಿತು. ಕೈ ಹಾಕಿ ಒಂದೊಂದೇ ಖಾನೆ ಮುಟ್ಟಿದ. ಒಂದು, ಎರಡು, ಮೂರು... ರಾತ್ರಿಯ ತಗಡು, ತಣ್ಣಗಿತ್ತು.

ನಾಲ್ಕನೆಯದು ಬಿಸಿ. ಈಗ ತಾನೇ ಯಾರೋ ಡಿಸ್ಕು ಹೊರಗೆ ತೆಗೆದರೋ ಅನ್ನುವಷ್ಟು ಬಿಸಿ.

ಬಿಚ್ಚಣ್ಣ ಅಲ್ಲೇ ಕೂತ. ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು ಅಂತ ನನ್ನ ಹತ್ತಿರ ಹೇಳಿಕೊಂಡಿದ್ದಾನೆ. ಆ ತಗಡಿನ ಮುಂದೆ ಕೈಮುಗಿದು ಹೇಳಿದನಂತೆ: "ಮಾಮ, ನಂದು ಏನು ಬೇಕಾದ್ರೂ ತಗೊಳ್ಳಿ. ಟೀಚರದ್ದು ಮಾತ್ರ ಬಿಟ್ಕೊಡಿ."

ಡಬ್ಬವನ್ನು ಮತ್ತೆ ಹೆಗಲಿಗೆ ಏರಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೊರಟ.

ಟೀಚರ್ ಮನೆಯ ಬಾಗಿಲು ತೆರೆದೇ ಇತ್ತು. ದೀಪವಿಲ್ಲ. ಅವರಿಗೆ ದೀಪ ಯಾಕೆ? ಹೊಸ ಕ್ಯಾಬಿನೆಟ್ಟಿನ ಮುಂದೆ ಕುರ್ಚಿಯಲ್ಲಿ ಹಾಗೇ ಕೂತಿದ್ದರು. ಅವನ ಹೆಜ್ಜೆ ಕೇಳಿ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಬಾ," ಪಿಸುಗುಟ್ಟಿದರು. "ಅವರು ರೆಕಾರ್ಡ್ ಮಾಡ್ತಿದಾರೆ."

ಬಿಚ್ಚಣ್ಣ ಹೆಗಲಿನ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟ.

"ಯಾರು ಟೀಚರ್..."

"ಈಗ ತಟ್ಟಿದರು. ಎರಡು ಸಲ. ಆಮೇಲೆ ನೀನು ಬಂದೆ."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ತಟ್... ತಟ್... ಬಿಚ್ಚಣ್ಣ ನೆಲದ ಮೇಲೆ ಅವರ ಕಾಲ ಹತ್ತಿರ ಕೂತು, ಪಿಸುದನಿಯಲ್ಲೇ ಎಲ್ಲ ಹೇಳಿದ. ಕಾಪಿ ತೆಗೆದುಕೊಂಡಿಲ್ಲ ಅಂತ. ನಾಲ್ಕನೆಯದು ಎದ್ದಿಲ್ಲ ಅಂತ. ಸುಳ್ಳಿನ ಮೇಲೆ ಸುಳ್ಳು ಹೇಳಿದೆ ಅಂತ. ಬಾವಿಯ ಹತ್ತಿರ ಖಾಲಿ ಡಬ್ಬದಲ್ಲಿ ನಾಲ್ಕನೆಯದು ಎದ್ದದ್ದು ಕೇಳಿಸಿತು ಅಂತ. ಬೈಯುತ್ತಾರೆ ಅಂದುಕೊಂಡಿದ್ದ, ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವರು ಕೈ ಚಾಚಿ, ಅವನ ಕಿವಿ ಹುಡುಕಿ, ಹಿಂಡಲಿಲ್ಲ... ಸುಮ್ಮನೆ ಹಿಡಿದುಕೊಂಡರು.

"ನಾನು ಕೇಳಿದಾಗಲೇ ಹೇಳಬೇಕಿತ್ತು ಕಣೋ," ಅಂದರು. ಆಮೇಲೆ, "ಅವರು ಕೂರಿಸಿದ್ದ ಜಾಗದಲ್ಲೇ ಮತ್ತೆ ಕೂರಿಸು. ಕೆಲಸ ಮುಗಿಯೋವರೆಗೂ ಮಾತಾಡಬೇಡ. ಮೈಕ್ ಹಿಡಿದಾಗ ಯಾರಾದರೂ ಮಾತಾಡಿದರೆ ಅವರಿಗೆ ಆಗ್ತಿರಲಿಲ್ಲ."

ಸಂಜೆ ಬಿಚ್ಚಿದ್ದನ್ನೆಲ್ಲ ಬಿಚ್ಚಣ್ಣ ಮತ್ತೆ ಬಿಚ್ಚಿದ. ಬೋರ್ಡು, ಪವರ್ ಸಪ್ಲೈ, ವೈರು, ಎಲ್ಲವೂ ಹಳೇ ತುಕ್ಕು ಡಬ್ಬಕ್ಕೆ ವಾಪಸ್ಸು. ಒಂದನೇ ಡಿಸ್ಕು, ಎರಡನೆಯದು, ಐದನೆಯದು. ಕೊನೆಗೆ ನಾಲ್ಕನೆಯದನ್ನು ನಾಲ್ಕನೇ ಖಾನೆಗೆ ತಳ್ಳಿದ. ಖಾನೆ ಇನ್ನೂ ಬೆಚ್ಚಗಿತ್ತು. ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡ.

ಟಿಕ್, ವೂಂ. ಟಿಕ್, ವೂಂ. ಸುಮ್ಮನೆ...

ಟಿಕ್.

ಬಿಚ್ಚಣ್ಣ ಕಿರ್ರ್ ಅನ್ನುವುದಕ್ಕೆ ಕಾದ.

ವೂಂ.

ಟೀಚರ್ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದರು. ಐದನೆಯದೂ ಎದ್ದಿತು. ಪರದೆಯ ಮೇಲೆ ಕೊಳ ತೆರೆಯಿತು, ನಾಲ್ಕು ಸಾವಿರ ಚಿಲ್ಲರೆ ಸಂಜೆಗಳು ಸಾಲಾಗಿ ನಿಂತಿದ್ದವು. ಬಿಚ್ಚಣ್ಣ ಹೊಸ ಡಿಸ್ಕನ್ನು ಮೇಜಿನ ಮೇಲೇ ಇಟ್ಟು, ವೈರು ಎಳೆದು, ಕಾಪಿಗೆ ಹಾಕಿದ. ರಾತ್ರಿಯಿಡೀ ಇಬ್ಬರೂ ಒಂದು ಮಾತೂ ಆಡಲಿಲ್ಲ. ಒಂದು ಸಲ ಅವನಿಗೆ ಕೆಮ್ಮು ಬಂತು, ಬಾಯಿಗೆ ಬಟ್ಟೆ ತುರುಕಿಕೊಂಡ. ಬೆನ್ನ ಹಿಂದೆ ಯಾರೋ ನಿಂತು ಕೆಲಸ ನೋಡುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಅವನು ತಿರುಗಿ ನೋಡಲಿಲ್ಲ.

ಬೆಳಗಿನ ಜಾವ ಕಾಪಿ ಮುಗಿಯಿತು. ಕೊನೆಯ ಫೈಲು ದಾಟಿ ಒಂದು ನಿಮಿಷವೂ ಆಗಿರಲಿಲ್ಲ, ನಾಲ್ಕನೆಯ ಡಿಸ್ಕು ಕಿರ್ರ್ ಅಂತ ನಿಂತಿತು. ಆಮೇಲೆ ಅದು ಯಾವತ್ತೂ ಏಳಲಿಲ್ಲ. ಟೀಚರ್ ತಪ್ಪಿದ ಸಂಜೆಯದನ್ನು ಹಾಕಿಸಿಕೊಂಡರು. ಟಕ್ ಟಕ್, ಒಂದು ಉಸಿರು, ಆಮೇಲೆ ಮೈಕ್ ಮಾಮನ ದನಿ, ಛತ್ರಿ ಎಲ್ಲಿಟ್ಟೆ ಅಂತ ಹುಡುಕಿದ ಸುದ್ದಿ. ಟೀಚರ್ ಕಣ್ಣಲ್ಲಿ ನೀರು ಇಳಿಯಿತು. ಬಿಚ್ಚಣ್ಣನೂ ಅತ್ತ. ಪಾರಾದೆ ಅಂದುಕೊಂಡು ಮನೆಗೆ ಹೋಗಿ ಸತ್ತವನ ಹಾಗೆ ಮಲಗಿದ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನ ಹೇಳುತ್ತಲೇ ಇರಲಿಲ್ಲ.

ಮೂರು ದಿನ ಆದ ಮೇಲೆ ಅಂಗಡಿಯಿಂದ ಮಗಳಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ, ಬರುವಾಗ ಬಣ್ಣದ ಪೆನ್ಸಿಲ್ ತರುತ್ತೇನೆ ಅಂತ. ಐದು ವರ್ಷದ ಮಗು, ಅಮ್ಮನ ಫೋನಿನಲ್ಲಿ ಅಪ್ಪನ ಮೆಸೇಜ್ ಕೇಳುವುದು ಅಂದರೆ ಪ್ರಾಣ. ಸಂಜೆ ಮನೆಗೆ ಹೋದರೆ ಮುಖ ಊದಿಸಿಕೊಂಡಿತ್ತು.

"ಅಪ್ಪ, ನೀನು ಮಾತೇ ಆಡಿಲ್ಲ."

ಹಾಕಿ ಕೇಳಿದ. ಮೊದಲು ಟಕ್ ಟಕ್. ಆಮೇಲೆ ಅಂಗಡಿಯ ಫ್ಯಾನು, ಹೊರಗೆ ಹೋದ ಬೈಕು, ಪಕ್ಕದ ಅಂಗಡಿಯ ಶಟರು. ಅವನ ದನಿ ಇಲ್ಲ. ಮೈಕು ಕೆಟ್ಟಿದೆ ಅಂದುಕೊಂಡ. ಮೈಕು ಕೆಟ್ಟಿದ್ದರೆ ಫ್ಯಾನು ಹೇಗೆ ಕೇಳಿಸೀತು? ಆದರೂ ಹೊಸ ಮೈಕು ಹಾಕಿದ. ಹೆಂಡತಿಯ ಫೋನಿನಲ್ಲಿ ಮಾತಾಡಿ ನೋಡಿದ. ಅಂಗಡಿಗೆ ರಿಪೇರಿಗೆ ಬಂದ ಫೋನುಗಳಲ್ಲೆಲ್ಲ ನೋಡಿದ. ಕೊನೆಗೆ ಎಲ್ಲಿಂದಲೋ ಒಂದು ಹಳೇ ಟೇಪ್ ರೆಕಾರ್ಡರ್ ಹುಡುಕಿ ತಂದ. ಎದುರು ನಿಂತು ಮಾತಾಡಿದರೆ ಕೇಳುತ್ತೆ. ಫೋನ್ ಮಾಡಿದರೂ ಕೇಳುತ್ತೆ. ರೆಕಾರ್ಡ್ ಮಾಡಿದರೆ ಮಾತ್ರ... ಸುತ್ತಲಿನದೆಲ್ಲ ಇರುತ್ತೆ, ಅವನಿರಲ್ಲ.

ಹೊಸದು ಹೋಗಲಿ ಅಂದರೆ ಹಳೆಯದೂ ಹೋಗಿತ್ತು. ಮಗಳು ಮೊದಲ ಸಲ ನಡೆದ ದಿನದ ಒಂದು ವಿಡಿಯೋ ಇದೆ. ಕೋಣೆಯ ಆ ತುದಿಯಲ್ಲಿ ಮಗು, ಈ ತುದಿಯಲ್ಲಿ ಫೋನು ಹಿಡಿದ ಅವನು. ಬಾ ಬಾ, ಬಾರೇ ಪುಟ್ಟಿ ಅಂತ ಆವತ್ತು ಕರೆದದ್ದು ಅವನೇ, ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ಈಗ ಅದನ್ನು ಹಾಕಿದರೆ ಮಗು ತಲೆ ಎತ್ತುತ್ತೆ, ನಗುತ್ತೆ, ಯಾರೂ ಕರೆಯದೆ ಎದ್ದು ನಡೆದು ಬರುತ್ತೆ.

ಬಿಚ್ಚಣ್ಣ ಒಂದು ದಿನ ಟೀಚರ್ ಹತ್ತಿರ ಹೋಗಿ ಅದನ್ನು ಕೇಳಿಸಿದ. ಅವರು ಕಿವಿಗಿಟ್ಟುಕೊಂಡು ಮೂರು ಸಲ ಕೇಳಿದರು. "ಅವರಿಗೆ ಹೇಳಿ ನೋಡ್ತೀನಿ," ಅಂದರು. ಮಾರನೇ ದಿನ ಮತ್ತೆ ಹೋದ. "ಹೇಳಿದೆ," ಅಂದರು. ಅಷ್ಟೇ. ಈಗಲೂ ಅವರು ಸಂಜೆಗೆ ಒಂದು ಕೇಳುತ್ತಾರೆ. ಬಿಚ್ಚಣ್ಣ ತಿಂಗಳಿಗೊಮ್ಮೆ ಹೋಗಿ ಕಾಪಿಗೆ ಇನ್ನೊಂದು ಕಾಪಿ ಮಾಡಿ ಬರುತ್ತಾನೆ.

ಅವನಿಗೆ ದಿಗಿಲು ಇರುವುದು ಮಗಳದೊಂದೇ. ನಾಳೆ ತಾನು ಹೋದ ಮೇಲೆ ಅದಕ್ಕೆ ಅಪ್ಪನ ದನಿ ಅಂತ ಕೇಳಲು ಎಲ್ಲೂ ಏನೂ ಇರಲ್ಲ. ಅದಕ್ಕೇ ಈಗ ಅಂಗಡಿ ಬೇಗ ಮುಚ್ಚಿ ಹೋಗಿ, ನಿದ್ದೆ ಬರುವವರೆಗೂ ಮಗಳ ಹತ್ತಿರ ಮಾತಾಡುತ್ತಲೇ ಇರುತ್ತಾನೆ. ಅದು ನೆನಪಿಟ್ಟುಕೊಳ್ಳಲಿ ಅಂತ.

ನಂಬಲ್ಲ ಅಂತೀರಾ? ಬೇಡ. ನಾನೂ ನಂಬಿರಲಿಲ್ಲ. ಹಿಂದಿನ ತಿಂಗಳು ಅವನ ಎದುರಿಗೇ, ಅಂಗಡಿಯಲ್ಲಿ, ನನ್ನ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡೆ. ಹದಿನಾಲ್ಕು ಸೆಕೆಂಡು ಇದೆ. ಮೊದಲು ಟಕ್ ಟಕ್ ಬರುತ್ತೆ, ಫೋನನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಫ್ಯಾನು. ಗಿರಾಕಿ ಒಬ್ಬರು ಕೇಳುತ್ತಾರೆ, "ಈ ಚಾರ್ಜರಿಗೆ ಗ್ಯಾರಂಟಿ ಇದೆಯಾ?" ಆಮೇಲೆ ನಾಲ್ಕು ಸೆಕೆಂಡು ಬರೀ ಫ್ಯಾನು. ಆಮೇಲೆ ಅವರೇ ಅನ್ನುತ್ತಾರೆ, "ಸರಿ, ಹಾಗಾದರೆ ಕೊಡಿ."

ಆ ನಾಲ್ಕು ಸೆಕೆಂಡು ಬಿಚ್ಚಣ್ಣ ಮಾತಾಡುತ್ತಿದ್ದ. ತಗೊಳ್ಳಿ, ನೀವೇ ಕೇಳಿ.